ಇರುವೆ ಕಂಡರು, ನನ್ನ ಮಗಳನ್ನು ಕಾಣಲಿಲ್ಲ

ನನ್ನ ಮೊಮ್ಮಗಳು ಹುಟ್ಟಿದಾಗ ಏಳು ರಾತಲು, ಎಂದರೆ ಏಳು ಪೌಂಡು, ತೂಗಿದಳು. ಚನ್ನಪಟ್ಟಣದ ಆಸ್ಪತ್ರೆಯ ತಕ್ಕಡಿಯಲ್ಲಿ, ಡಾಕ್ಟರಮ್ಮನ ಕಣ್ಣೆದುರಿಗೆ, ನನ್ನ ಕಣ್ಣೆದುರಿಗೆ ತೂಗಿದಳು. ಈ ಮಾತನ್ನು ಮೊದಲೇ ಬರೆದುಬಿಡುತ್ತೇನೆ. ಯಾಕೆಂದರೆ ಇವಳನ್ನು ನೋಡಲು ಬರುವವರೆಲ್ಲ ತೊಟ್ಟಿಲಿಗೆ ಬಗ್ಗಿ, ಗಲ್ಲ ಮುಟ್ಟಿ, ಆಮೇಲೆ ನನ್ನ ಕಡೆ ತಿರುಗಿ ಅದೇ ಒಂದು ಮಾತು ಹೇಳುತ್ತಾರೆ. "ಒಸಿ ಸಣ್ಣಕವ್ಳೆ ಅಲ್ವಾ ನಂಜಕ್ಕ? ಬಸುರೀಲಿ ಮಗಳಿಗೆ ನೀನು ಸರಿಯಾಗಿ ಇಕ್ಕಲಿಲ್ವಂತೆ."

ಇಕ್ಕಲಿಲ್ಲವಂತೆ! ಬಸುರಿ ಮಗಳ ಎಲೆಗೆ ಅನ್ನ ಬಡಿಸದ ತಾಯಿ ಎಂದು ನಮ್ಮ ದೊಡ್ಡಮಳೂರಿನ ಬೀದಿಯಲ್ಲಿ, ಬಾವಿಕಟ್ಟೆಯಲ್ಲಿ, ಕೊನೆಗೆ ಚನ್ನಪಟ್ಟಣದ ಸಂತೆಯಲ್ಲಿಯೂ ನನ್ನ ಹೆಸರು ಆಡಿದರು. ಆಗ ಬಾಯಿ ಮುಚ್ಚಿಕೊಂಡಿದ್ದೆ. ಮಗು ಕೈಗೆ ಬರುವವರೆಗೆ ಯಾರಿಗೂ ಉತ್ತರ ಕೊಡಬಾರದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಈಗ ಬಂದಿದೆಯಲ್ಲ, ಮಡಿಲಲ್ಲಿ ಮಲಗಿ ಕಾಲು ಬಡಿಯುತ್ತಿದೆಯಲ್ಲ, ಇನ್ನು ನಾನು ಸುಮ್ಮನಿರುವುದಿಲ್ಲ. ನಾನು ಚನ್ನಪಟ್ಟಣದ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಎರಡನೇ ಕ್ಲಾಸಿನವರೆಗೆ ಮಾತ್ರ ಓದಿದವಳು. ತಪ್ಪಿದ್ದರೆ ತಿದ್ದಿಕೊಂಡು ಓದಿ. ಆದರೆ ಓದಿ. ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ ಅವಳಿಗೂ ಓದಿ ಹೇಳಿ.

ನನ್ನ ಮಗಳ ಹೆಸರು ಕೆಂಪಮ್ಮ. ನಾವು ಕರೆಯುವುದು ಕೆಂಪಿ. ಅವಳನ್ನು ಮಾಗಡಿ ಕಡೆಯ ಕಲ್ಯಕ್ಕೆ ಕೊಟ್ಟಿದ್ದೇವೆ. ಅಳಿಯ ಮರಿಯಪ್ಪ ಸಾಧು, ಅವನ ಮೇಲೆ ನನ್ನದೇನೂ ದೂರಿಲ್ಲ. ಅವನ ತಾಯಿ ಹೊನ್ನಮ್ಮ, ನನ್ನ ಬೀಗಿತ್ತಿ, ಗಟ್ಟಿಗಿತ್ತಿ. ಹೊಲ ಇದೆ, ಹಿಪ್ಪುನೇರಳೆ ತೋಟ ಇದೆ, ವರ್ಷಪೂರ್ತಿ ರೇಷ್ಮೆಹುಳ ಸಾಕುತ್ತಾರೆ. ಅವರ ಮನೆಯ ಗೂಡು ಎಂದರೆ ಕ್ಲೋಸ್‌ಪೇಟೆಯ ವ್ಯಾಪಾರಿಗಳು ಮುಟ್ಟಿ ನೋಡದೆ ಒಯ್ಯುತ್ತಾರೆ. ಅಷ್ಟು ಹೆಸರು.

ಆ ಹೆಸರೇ ನಮಗೆ ಮುಳುವಾಯಿತು. ಹುಳ ಸಾಕುವವರಿಗೆ ಹೊಸದಾಗಿ ಹೇಳಬೇಕಾಗಿಲ್ಲ, ಇತರರಿಗೆ ಹೇಳುತ್ತೇನೆ. ರೇಷ್ಮೆಹುಳಕ್ಕೆ ನಾಲ್ಕು ಸಲ ಜ್ವರ ಬರುತ್ತದೆ. ಜ್ವರ ಎಂದರೆ ಕಾಯಿಲೆಯಲ್ಲ, ತಿನ್ನದೆ ಅಲುಗಾಡದೆ ಮಲಗಿ ಚರ್ಮ ಕಳಚುವುದು. ಕೊನೆಯ ಜ್ವರ ಎದ್ದ ಮೇಲೆ ಅದಕ್ಕೆ ಹಸಿವೋ ಹಸಿವು. ಆಗ ಸೊಪ್ಪು ಸುರಿದಷ್ಟೂ ತಿನ್ನುತ್ತದೆ, ತಿಂದಷ್ಟೂ ಗೂಡು ತೂಕ ಬರುತ್ತದೆ. ಹೊನ್ನಮ್ಮನಿಗೆ ಹುಟ್ಟಿದಾಗಿನಿಂದ ಕಂಡದ್ದು ಅದು. ಬಸುರಿ ಸೊಸೆಯನ್ನೂ ಆಕೆ ಹಾಗೆಯೇ ಕಂಡಳು. ಮೊದಲ ಬಸುರಿನಲ್ಲಿ ಕೆಂಪಿಗೆ ವಾಂತಿ ನಿಂತಿದ್ದೇ ತಡ, "ಇವ್ಳಿಗೆ ಕೊನೆ ಜ್ವರ ಎದ್ದಂಗಾಯ್ತು, ಇನ್ನು ಸುರೀರ್ರವ್ವ" ಎಂದು ಮನೆಯವರಿಗೆಲ್ಲ ಹೇಳಿದಳಂತೆ. ಬೆಳಿಗ್ಗೆ ಬೆಲ್ಲದ ತಂಬಿಟ್ಟು, ಮಧ್ಯಾಹ್ನ ಅನ್ನದ ರಾಶಿ, ಸಂಜೆ ಎಳ್ಳು ಬೆಲ್ಲದ ಚಿಗಳಿ, ಬಾಳೆಹಣ್ಣು, ಮಲಗುವಾಗ ಬೆಲ್ಲ ಹಾಕಿದ ಹಾಲು. "ಸಾಕು ಅತ್ತೆ" ಎಂದರೆ, "ನಿನ್ನ ಹೊಟ್ಟೇನ ಯಾರೇ ಕೇಳ್ದೋರು? ಒಳಗಿರೋನ ಹೊಟ್ಟೆಗೆ" ಎಂದು ಇನ್ನೊಂದು ಸೌಟು.

ಪ್ರೀತಿಯಿಂದಲೇ ಮಾಡಿದಳು ಎನ್ನುತ್ತಾರೆ. ಇರಬಹುದು. ನನ್ನ ಸಿಟ್ಟು ಅದರಿಂದ ಕಡಿಮೆಯಾಗುವುದಿಲ್ಲ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಕರೆದುಕೊಂಡು ಬರಲು ನಮ್ಮ ಯಜಮಾನರು ಗಾಡಿ ಕಟ್ಟಿಕೊಂಡು ಕಲ್ಯಕ್ಕೆ ಹೋದರೆ, "ಹುಳ ಮೇಯೋ ಹೊತ್ತು ಬೀಗರೇ, ಮನೇಲಿ ಕೈ ಸಾಲಕ್ಕಿಲ್ಲ. ಹಣ್ಣಾಗಿ ಗೂಡಿಗೆ ಬುಟ್ಟ ಮೇಲೆ ನಾನೇ ಕಳಿಸ್ಕೊಡ್ತೀನಿ" ಎಂದು ಹೊನ್ನಮ್ಮ ಬರಿಗೈಯಲ್ಲಿ ವಾಪಸ್ಸು ಕಳಿಸಿದಳು. ತುಂಬಿದ ಬಸುರಿ ಸೊಪ್ಪು ಕತ್ತರಿಸುತ್ತ ಕೂತಿದ್ದಳಂತೆ. ಹುಳ ಹಣ್ಣಾಗಿ ಗೂಡು ಕಟ್ಟುವ ಮೊದಲೇ ನೋವು ಬಂತು. ನಮಗೆ ಹೇಳಿಕಳಿಸಿದಾಗ ಎಲ್ಲ ಮುಗಿದಿತ್ತು.

ತಲೆ ಬಂತಂತೆ, ಭುಜ ಬರಲಿಲ್ಲವಂತೆ. ಸೂಲಗಿತ್ತಿ ತನಗೆ ತಿಳಿದದ್ದನ್ನೆಲ್ಲ ಮಾಡಿದಳು. ಅಷ್ಟು ದೊಡ್ಡ ಮಗು. ಉಸಿರು ಮಾತ್ರ ಇಲ್ಲ.

ನಾನು ಹೋಗಿ ಇಳಿದಾಗ ಕೆಂಪಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಅವಳ ಪಕ್ಕದಲ್ಲಿ ಕೂತ ಹೆಂಗಸರು ಏನು ಮಾತಾಡುತ್ತಿದ್ದರು ಗೊತ್ತೇ? "ಎಂಥ ಮಗು ಅಂತೀಯ, ಆರು ತಿಂಗಳ ಕೂಸಿದ್ದಂಗಿತ್ತು. ತೋಳು ನೋಡ್ಬೇಕಿತ್ತು. ಕಣ್ಣು ಬಿದ್ಬುಡ್ತು." ಸತ್ತ ಮಗುವಿನ ತೂಕವನ್ನು ಹೊಗಳುತ್ತಿದ್ದರು! ನನ್ನ ಮಗಳು ಕೇಳಿಸಿಕೊಳ್ಳುತ್ತ ಮಲಗಿದ್ದಳು. ನಾನು ಬಾಗಿಲಲ್ಲಿ ನಿಂತು, "ಎಲ್ರೂ ಏಳ್ರಿ, ಎದ್ದು ನಿಮ್ ನಿಮ್ ಮನೆಗೆ ನಡೀರಿ" ಎಂದೆ. ಬೀಗರ ಮನೆಯಲ್ಲಿ ನಿಂತು ಹಾಗೆ ಹೇಳಬಾರದು. ಹೇಳಿದೆ.

ನಮ್ಮ ಊರಿನ ಅಪ್ರಮೇಯಸ್ವಾಮಿ ಗುಡಿಯಲ್ಲಿ ಅಂಬೆಗಾಲು ಕೃಷ್ಣ ಇದ್ದಾನೆ. ಮಕ್ಕಳಿಲ್ಲದವರು ಎಲ್ಲೆಲ್ಲಿಂದಲೋ ಬಂದು ಅವನಿಗೆ ತೊಟ್ಟಿಲು ಹರಕೆ ಹೊರುತ್ತಾರೆ. ಆ ವರ್ಷ ನಾನು ಗುಡಿಯ ಮುಂದೆ ಹಾದುಹೋಗುವಾಗ ಒಳಗೆ ಕಾಲಿಡಲಿಲ್ಲ. ದೇವರ ಮೇಲೂ ಸಿಟ್ಟಿತ್ತು.

ಎರಡು ಬೆಳೆ ಹುಳ ಕಳೆದು ಕೆಂಪಿಗೆ ಮತ್ತೆ ಮುಟ್ಟು ನಿಂತಿತು. ಈ ಸಲ ಅವರೇ ಅವಳನ್ನು ಬೇಗ ಕಳಿಸಿದರು, ಐದನೇ ತಿಂಗಳಿಗೇ. ಅಯ್ಯೋ, ನಮ್ಮ ಬೀಗಿತ್ತಿಗೆ ಎಷ್ಟು ಒಳ್ಳೆಯ ಬುದ್ಧಿ ಬಂತು ಎಂದು ನಾನು ಹಿಗ್ಗಿದೆ. ಹೊನ್ನಮ್ಮ ಗಾಡಿಯಿಂದ ಇಳಿದವಳೇ ಕೈಕಾಲು ತೊಳೆಯುವ ಮೊದಲು ದೂರು ಶುರುಮಾಡಿದಳು.

"ನೋಡಕ್ಕ, ತಪ್ಪು ತಿಳೀಬ್ಯಾಡ. ಇವ್ಳು ಹಿತ್ತಲಿಗೆ ಹೋದ ಕಡೆಯೆಲ್ಲ ಇರುವೆ ಮುತ್ಕೋತಾವೆ. ಸಾಲುಸಾಲಾಗಿ ಬತ್ತಾವೆ. ಅಲ್ಲಿಂದ ಹುಳದ ಮನೆಗೆ ದಾರಿ ಮಾಡ್ಕೊಂಡವೆ. ಹುಳದ ತಟ್ಟೆ ಇಡೋ ಮಂಚದ ಕಾಲಿಗೆಲ್ಲ ನೀರಿನ ಬಟ್ಲು ಇಟ್ಟೆ, ಸುತ್ತ ಬೂದಿ ಸುರುದೆ, ಆದ್ರೂ ಎರಡು ತಟ್ಟೆ ಹುಳ ತಿಂದಾಕುದ್ವು. ಹೆರಿಗೆ ಆಗೋಗಂಟ ಇಲ್ಲೇ ಇರ್ಲಿ."

ರೇಷ್ಮೆಹುಳಕ್ಕೆ ಇರುವೆ ಯಮ, ನನಗೂ ಗೊತ್ತು. ಅದಕ್ಕೇ ನನ್ನ ಮಗಳನ್ನು ಕೊಟ್ಟಿಗೆಯ ಆಚೆ, ಬೇಲಿಯ ಆಚೆ ಹೋಗು ಎಂದು ಕಳಿಸುತ್ತಿದ್ದರಂತೆ. ದಿನಕ್ಕೆ ಎಷ್ಟು ಸಲವೋ. ಬಾಯಾರಿಕೆ ತಡೆಯದೆ ಬಿಂದಿಗೆಗಟ್ಟಲೆ ನೀರು ಕುಡಿಯುತ್ತಿದ್ದಳು, ಕುಡಿದದ್ದೆಲ್ಲ ಹಾಗೆಯೇ ಹೋಗುತ್ತಿತ್ತು. ಮೈ ನವೆ. ಏರುಹೊತ್ತಿನಲ್ಲೂ ನಿದ್ದೆ. ಇಷ್ಟೆಲ್ಲ ಆ ಮನೆಯವರ ಕಣ್ಣ ಮುಂದೆಯೇ ನಡೆದಿತ್ತು. ಇರುವೆ ಎಲ್ಲಿಗೆ ಹೋಗುತ್ತಿದೆ ಎಂದು ನೋಡಿದರು. ಯಾಕೆ ಬಂತು ಎಂದು ಒಬ್ಬರೂ ಕೇಳಲಿಲ್ಲ. ಹುಳವನ್ನು ಕಾಯಲು ಬೂದಿ ಹಾಕಿದವರಿಗೆ ಹುಡುಗಿಯನ್ನು ಕಾಯಬೇಕೆಂದು ಹೊಳೆಯಲಿಲ್ಲ.

ಬೀಗಿತ್ತಿಯ ಗಾಡಿ ಅತ್ತ ಹೋಗುತ್ತಲೂ ನಾನು ಯಜಮಾನರಿಗೆ ಹೇಳಿದೆ, ನಾಳೆ ಚನ್ನಪಟ್ಟಣದ ಆಸ್ಪತ್ರೆಗೆ ಹೋಗುತ್ತೇನೆ ಎಂದು. "ಆಸ್ಪತ್ರೆಗಾ? ಬಸುರೀನಾ? ಜನ ಏನಂದಾರು ಕಣೇ?" ಎಂದರು. "ಹೋದ್ಸಲ ಜನದ ಮಾತು ಕೇಳಿ ಆಯ್ತಲ್ಲ" ಎಂದೆ. ಅವರು ಎದ್ದು ಹೋಗಿ ಗಾಡಿಯ ಕೀಲಿಗೆ ಎಣ್ಣೆ ಹಾಕಿದರು.

ಆಸ್ಪತ್ರೆಯ ಜಗುಲಿ ಎಂದರೆ ಒಂದು ಉದ್ದ ಕಲ್ಲುಬೆಂಚು, ಫಿನಾಯಿಲ್ ವಾಸನೆ, ಕೆಮ್ಮು, ಮಕ್ಕಳ ಅಳು. ಹೆಂಗಸರ ಡಾಕ್ಟರಮ್ಮ ಬೆಂಗಳೂರಿನ ಕಡೆಯವರು, ಚಿಕ್ಕ ವಯಸ್ಸು, ಮೂಗಿನ ಮೇಲೆ ಕನ್ನಡಕ. ಕೆಂಪಿಯ ಹೊಟ್ಟೆ ಮುಟ್ಟಿ ನೋಡಿದರು, ಹಿಂದಿನ ಹೆರಿಗೆಯ ಸಂಗತಿ ಕೇಳಿದರು. ಆಮೇಲೆ ಅವಳ ಮುಖ ನೋಡಿ ಮೆಲ್ಲಗೆ ಕೇಳಿದರು, "ನೀನು ಹೋದ ಕಡೆ ಇರುವೆ ಬರುತ್ತವಾ ಮಗು?"

ಅಷ್ಟೇ ಕೇಳಿದ್ದು. ನನ್ನ ಕೆಂಪಿ, ಮಗು ಹೋದಾಗಲೂ ಗಟ್ಟಿಯಾಗಿ ಅಳದವಳು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. "ನಾನೇನ್ ಪಾಪ ಮಾಡಿವ್ನೋ ಗೊತ್ತಿಲ್ಲ ಅಮ್ಮಾವ್ರೇ. ಮೈಯೊಳಗೆ ಏನೋ ಕೊಳೀತೈತೆ ಅಂತಾರೆ." ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡರು. "ಪಾಪ ಅಲ್ಲ, ಕೊಳೆಯೂ ಅಲ್ಲ. ಸಕ್ಕರೆ."

ಒಂದು ಗಾಜಿನ ಕೊಳವೆಯಲ್ಲಿ ನೀಲಿ ನೀರು ಹಾಕಿ, ಕೆಂಪಿ ಕೊಟ್ಟ ಮೂತ್ರದ ಒಂದಿಷ್ಟು ಹನಿ ಬಿಟ್ಟು, ದೀಪದ ಮೇಲೆ ಹಿಡಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ನೋಡನೋಡುತ್ತಲೇ ಹೊಸ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಅದನ್ನು ನನಗೆ ತೋರಿಸಿ, ಸಿಹಿಮೂತ್ರದ ಕಾಯಿಲೆ ಎಂದರು. ಕೆಲವು ಹೆಂಗಸರಿಗೆ ಬಸುರಿನಲ್ಲಿ ಮಾತ್ರ ಬರುತ್ತದಂತೆ. ತಿಂದ ಸಿಹಿಯನ್ನು ತಾಯಿಯ ಮೈ ಅರಗಿಸಿಕೊಳ್ಳುವುದಿಲ್ಲ, ಅದು ನೆತ್ತರಿನಲ್ಲೇ ನಿಂತು ಮಗುವಿಗೆ ಹೋಗುತ್ತದೆ. ಮಗು ಕೊಬ್ಬುತ್ತದೆ, ಭುಜ ಅಗಲವಾಗುತ್ತದೆ. ಕೊಬ್ಬಿದ ಮಗು ಗಟ್ಟಿ ಮಗು ಅಲ್ಲ ಎಂದರು.

"ಹೋದದ್ದೂ ಇದ್ರಿಂದಲೇ ಹೋಯ್ತಾ?" ಎಂದು ಕೇಳಿದೆ.

"ಖಂಡಿತ ಹೇಳಲಾರೆ. ಆದರೆ ಹಾಗೇ ಕಾಣುತ್ತದೆ."

"ಇದು?"

"ಬಾಯಿಗೆ ಹೋಗುವುದನ್ನು ಸರಿಮಾಡೋಣ. ಅದರಲ್ಲೇ ಹತೋಟಿಗೆ ಬಂದರೆ ಇಲ್ಲೇ ಹೆರಿಗೆ. ಬರದಿದ್ದರೆ ಬೆಂಗಳೂರು, ಸೂಜಿಮದ್ದು. ಏನೇ ಆಗಲಿ, ಮನೆಯಲ್ಲಿ ಹೆರಿಗೆ ಬೇಡ."

ಬೆಲ್ಲ ಬೇಡ, ಸಕ್ಕರೆ ಬೇಡ, ಬಾಳೆಹಣ್ಣು ಬೇಡ. ಅನ್ನ ಒಂದು ಹಿಡಿ, ಮುದ್ದೆ ಎಂದರೆ ನಿಂಬೆಗಾತ್ರದ್ದು. ಸೊಪ್ಪು, ಹುರಳಿಕಟ್ಟು, ಮೊಟ್ಟೆ, ಮಜ್ಜಿಗೆ, ಕೋಳಿಸಾರು, ಕೆರೆಮೀನು ಬೇಕಾದಷ್ಟು. ಊಟವಾದ ಮೇಲೆ ಮಲಗಬಾರದು, ನಡೆಯಬೇಕು. ವಾರಕ್ಕೊಮ್ಮೆ ಸೀಸೆಯಲ್ಲಿ ಮೂತ್ರ ತಂದು ತೋರಿಸಬೇಕು.

ಹೇಳುವುದು ಸುಲಭ. ಮಾನವಂತ ಬಸುರಿ ಹೆಂಗಸು ಆ ಸೀಸೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಊರ ನಡುವೆ ನಡೆಯಬೇಕಲ್ಲ! ಎದುರು ಬಂದವರೆಲ್ಲ "ಏನವ್ವ ಕೆಂಪಿ, ಎಣ್ಣೆ ತಂದ್ಯಾ?" ಎಂದು ಕೇಳುವವರೇ. ಮುಂದಿನ ವಾರ ಕಲ್ಲುಬೆಂಚಿನ ಮೇಲೆ ಅವಳು ಸೀಸೆಯನ್ನು ಕಾಲಸಂದಿಯಲ್ಲಿ ಅಡಗಿಸಿಕೊಂಡು ಕೂತಿದ್ದಾಗ ಪಕ್ಕದಲ್ಲಿದ್ದ ಒಬ್ಬ ಮುಸಲ್ಮಾನರ ಮುದುಕಿ ನಕ್ಕಳು. ಆಕೆಯ ಮಡಿಲಲ್ಲಿ ಅರಗಿನ ಬಣ್ಣ ಹಾಕಿದ ಒಂದು ಕೆಂಪು ಮರದ ಡಬ್ಬಿ ಥಳಥಳ ಹೊಳೆಯುತ್ತಿತ್ತು. ಒಡವೆ ಇಟ್ಟುಕೊಂಡಿದ್ದಾಳೆ ಅಂದುಕೊಂಡೆ. ಮುಚ್ಚಳ ತೆಗೆದು ತೋರಿಸಿದಳು. ಒಳಗೆ ಸೀಸೆ!

"ನಮ್ಮ ಯಜಮಾನ್ರು ಗೊಂಬೆ ಮಾಡ್ತಾರೆ. ನನಗೂ ಇದೇ ಕಾಯಿಲೆ ಬೇಟಿ, ಮುದುಕಿಗೆ ಬಂದದ್ದು ಹೋಗೋದಿಲ್ಲ. ದಾರೀಲಿ ಇದನ್ನ ನೋಡಿ ಕಳ್ಳ ಹಿಂದೆ ಬಂದ್ರೆ ಕೊಟ್ಬಿಡ್ತೀನಿ, ಮನೆಗೆ ಹೋಗಿ ತೆಗೀಲಿ ಪಾಪ!"

ಕೆಂಪಿ ನಕ್ಕಳು. ಎಷ್ಟೋ ಕಾಲದ ಮೇಲೆ ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಕೆಯ ಹೆಸರು ಫಾತಿಮಾಬಿ. ಅದರ ಮುಂದಿನ ವಾರ ಕೆಂಪಿಗೂ ಒಂದು ಡಬ್ಬಿ ತಂದುಕೊಟ್ಟಳು, ಹಳದಿಯದು. ಆ ಜಗುಲಿಯಲ್ಲಿ ನಮ್ಮ ಪಾಲಿಗೆ ಸಿಕ್ಕಿದ ದೊಡ್ಡ ಮದ್ದು ಅದು ಎಂದರೆ ಡಾಕ್ಟರಮ್ಮ ಬೇಸರ ಮಾಡಿಕೊಳ್ಳುವುದಿಲ್ಲ.

ಕೊಳವೆಯ ಬಣ್ಣ ಇಟ್ಟಿಗೆಯಿಂದ ಹಳದಿಗೆ ಬಂತು, ಹಳದಿಯಿಂದ ಹಸಿರಿಗೆ. ಇಷ್ಟರಲ್ಲಿ ಒಂದು ದಿನ ಕೆಂಪಿ ಒಲೆಯ ಮುಂದೆ ತಲೆಸುತ್ತಿ ಕುಸಿದಳು. ನೋಡಿದರೆ ಹುಡುಗಿ ಹೆದರಿಕೆಯಿಂದ ಊಟವನ್ನೇ ಬಿಟ್ಟಿದ್ದಳು. ನಾನು ಬಡಿಸಿದ್ದನ್ನು ನಾಯಿಗೆ ಹಾಕಿ, ಎಲೆ ಮಡಿಸಿ, "ಆಯ್ತು ಅವ್ವ" ಎನ್ನುತ್ತಿದ್ದಳು. ಡಾಕ್ಟರಮ್ಮ ನನ್ನ ಮೇಲೆ ಹರಿಹಾಯ್ದರು. "ಉಪವಾಸ ಹಾಕಿ ಅಂತ ನಾನು ಹೇಳಿದೆನಾ? ಅತಿಯಾಗಿ ಕೊಬ್ಬಿದರೂ ಕಷ್ಟ, ಹಸಿವಿನಿಂದ ಮಗು ಬಡಕಲಾದರೂ ಕಷ್ಟ. ತಾಯಿಯಾಗಿ ಅಷ್ಟು ನೋಡಿಕೊಳ್ಳಬಾರದಾ?" ಬೈಸಿಕೊಂಡವಳು ನಾನು! ಊರಿನವರದ್ದು ಒಂದು ಕಡೆ, ಇವರದ್ದು ಒಂದು ಕಡೆ. ದಾರಿಯುದ್ದಕ್ಕೂ ಮೂಗು ಸೀಟುತ್ತ ಬಂದೆ. ಅಂದಿನಿಂದ ಕೆಂಪಿ ಉಣ್ಣುವಾಗ ನಾನು ಎದುರಿಗೆ ಕೂತು, ಅವಳ ಕೊನೆಯ ತುತ್ತು ಗಂಟಲಿನಲ್ಲಿ ಇಳಿಯುವುದನ್ನು ನೋಡಿಯೇ ಏಳುತ್ತಿದ್ದೆ.

"ಭಯ ಆಯ್ತದೆ ಅವ್ವ" ಎಂದಳು ಒಂದು ದಿನ. "ಒಂದೊಂದು ತುತ್ತು ತಿಂದಾಗಲೂ ಅದಕ್ಕೆ ವಿಷ ಕೊಟ್ಟಂಗಾಯ್ತದೆ."

"ವಿಷ ಅಲ್ಲ ಮಗಾ, ಹುರಳಿಕಟ್ಟು. ನುಂಗು" ಎಂದೆ. ಬೇರೆ ಏನು ಹೇಳಲಿ? ನನಗೂ ಭಯವೇ.

ಏಳನೇ ತಿಂಗಳಿಗೆ ಹೊನ್ನಮ್ಮ ಬಸುರಿ ಊಟ ಮಾಡಿಸಲು ಬಂದಳು. ಜೊತೆಗೆ ಕಲ್ಯದ ಹೆಂಗಸರು ಒಂದು ಗಾಡಿ, ತಿಂಡಿಯ ಕುಕ್ಕೆ ಒಂದು ಗಾಡಿ. ಹೋಳಿಗೆ, ಕರ್ಜಿಕಾಯಿ, ಚಿಗಳಿ, ತಂಬಿಟ್ಟು. ನಮ್ಮ ಕಡೆಯ ಪದ್ಧತಿ ಗೊತ್ತಲ್ಲ, ಬಸುರಿಯನ್ನು ಮಣೆಯ ಮೇಲೆ ಕೂರಿಸಿ, ಬಂದ ಮುತ್ತೈದೆಯರೆಲ್ಲ ಒಬ್ಬೊಬ್ಬರಾಗಿ ಅವಳ ಬಾಯಿಗೆ ಸಿಹಿ ಇಡಬೇಕು. ಒಬ್ಬರದ್ದನ್ನೂ ಬೇಡ ಎನ್ನುವಂತಿಲ್ಲ. ಹಿಂದಿನ ವಾರ ತಾನೆ ಕೊಳವೆಯ ನೀಲಿ ಸ್ವಲ್ಪವೂ ಬಣ್ಣ ಕೆಡದೆ ನೀಲಿಯಾಗೇ ಉಳಿದಿತ್ತು. ಆ ನೀಲಿ ನೋಡಿ ನಾನು ಡಾಕ್ಟರಮ್ಮನ ಕೋಣೆಯಲ್ಲೇ ಕುಣಿಯುವುದೊಂದು ಬಾಕಿ.

ನಾನು ಕೆಂಪಿಯ ಮುಂದೆ ಹೋಗಿ ನಿಂತೆ. "ಅರಿಶಿನ ಕುಂಕುಮ ಹಚ್ಚಿ, ಹೂವು ಮುಡಿಸಿ, ಬಳೆ ತೊಡಿಸಿ. ಬಾಯಿಗೆ ಮಾತ್ರ ಏನೂ ಇಡಬೇಡಿ."

ಹೊನ್ನಮ್ಮ ಸೊಂಟದ ಮೇಲೆ ಕೈ ಇಟ್ಟಳು. "ಕೇಳಿದ್ದು ದಿಟ ಹಂಗಾದ್ರೆ. ಮಗಳಿಗೆ ಹೊಟ್ಟೆಗಿಕ್ಕದೆ ಸಾಯಿಸ್ತಾವ್ಳೆ ಅಂದ್ರು, ನಾನು ನಂಬಿರ್ಲಿಲ್ಲ. ಮುಖ ನೋಡು, ಬತ್ತೋಗೈತೆ. ಮಗು ಇಲಿಮರಿ ಆಯ್ತದೆ ಕಣೇ!"

"ಹೊನ್ನಕ್ಕ, ಒಂದು ಮಾತು ಕೇಳ್ತೀನಿ. ನಿಮ್ಮನೆ ತಟ್ಟೇಲಿ ಒಂದು ಹುಳ ಎಲ್ಲಕ್ಕಿಂತ ದಪ್ಪಕೆ ಊದಿ, ಮಿರಮಿರ ಹೊಳೀತಾ, ಅಂಚಿನ ಮೇಲೆ ಸುತ್ತುತಾ ಇದ್ರೆ ಏನ್ ಮಾಡ್ತೀಯ?"

"ಇದೇನು ಕೇಳ್ತೀಯ? ಹಾಲುರೋಗ ಅಂತ ಆರ್‍ಸಿ ಆಚೆಗೆ ಹಾಕ್ತೀನಿ."

"ಯಾಕೆ? ದಪ್ಪಕೈತಲ್ಲ. ಗೂಡು ತೂಕ ಬರಕ್ಕಿಲ್ವಾ?"

"ಅದೆಲ್ಲಿ ಗೂಡು ಕಟ್ತದೆ? ಅದು ಮೇದು ದಪ್ಪಾದ್ದಲ್ಲ, ರೋಗಕ್ಕೆ ಊದಿದ್ದು." ಹೇಳಿದವಳೇ ಹೊನ್ನಮ್ಮ ತುಟಿ ಬಿಗಿದಳು.

"ಅಂಗೇ ಕಣಕ್ಕ" ಎಂದೆ. "ಹೋದ ಮಗೂನೂ ಅಂಗೇ."

"ನನ್ನ ಮೊಮ್ಮಗನ್ನ ಹುಳಕ್ಕೆ ಹೋಲಿಸ್ತೀಯ?"

"ಹೋಲ್ಸಿದ್ದು ನೀವು! ಸೊಪ್ಪು ಸುರಿದಂಗೆ ಸುರಿದೋರು ನೀವು. ಹುಳಕ್ಕಾದ್ರೆ ಊದಿದ್ದು ಯಾವ್ದು ಬೆಳೆದಿದ್ದು ಯಾವ್ದು ಅಂತ ನೋಡ್ತೀರಿ. ನನ್ನ ಮಗಳಿಗೆ ಅಷ್ಟನ್ನೂ ನೋಡ್ಲಿಲ್ವಲ್ಲ!"

ಹೊನ್ನಮ್ಮ ಕೆಂಪಿಯ ಹಣೆಗೆ ಕುಂಕುಮ ಇಟ್ಟಳು, ಮಡಿಲಿಗೆ ಅಕ್ಕಿ ಹಾಕಿದಳು, ನಮ್ಮ ಮನೆಯಲ್ಲಿ ಒಂದು ಗುಟುಕು ನೀರು ಕುಡಿಯದೆ ಗಾಡಿ ಹತ್ತಿದಳು. ತಂದ ಸಿಹಿಯನ್ನು ವಾಪಸ್ಸು ಒಯ್ಯುವುದು ಅಶುಭ ಎಂದು ಜಗುಲಿಯ ಮೇಲೆಯೇ ಬಿಟ್ಟುಹೋದಳು. ಊರಿನವರು ಹಂಚಿಕೊಂಡು ತಿಂದರು, ತಿನ್ನುತ್ತಲೇ ನನ್ನನ್ನು ಆಡಿಕೊಂಡರು. ಹೋಳಿಗೆ ಚೆನ್ನಾಗಿತ್ತಂತೆ.

ತಿಂಡಿಯ ಗಾಡಿ ಹೊಡೆದುಕೊಂಡು ಬಂದಿದ್ದ ಮರಿಯಪ್ಪ ಹಿಂದೆ ಉಳಿದ. ಮಾತಾಡುವ ಹುಡುಗನಲ್ಲ. ಎತ್ತಿನ ಮೈ ತಿಕ್ಕುತ್ತ ನಿಂತಿದ್ದವನು, "ಅತ್ತೆ, ಬೆಂಗಳೂರಿಗೆ ಅಂದ್ರೂ ನಾನು ಕರ್ಕೊಂಡೋಯ್ತೀನಿ. ಅವ್ವ ಏನಾದ್ರೂ ಅನ್ಲಿ. ಇವ್ಳು ಉಳ್ಕೋಬೇಕು" ಎಂದ. ಮಗು ಉಳಿಯಬೇಕು ಎನ್ನಲಿಲ್ಲ, ಇವಳು ಉಳಿಯಬೇಕು ಎಂದ. ಆವತ್ತು ಅವನಿಗೆ ನಾನೇ ಕೋಳಿ ಕೊಯ್ಯಿಸಿ ಬಡಿಸಿದೆ.

ದಿನ ತುಂಬುವುದಕ್ಕೆ ಮುಂಚೆಯೇ ಕೆಂಪಿಯನ್ನು ಆಸ್ಪತ್ರೆಗೆ ಸೇರಿಸಿಕೊಂಡರು. ನೋವು ಬೆಳಗಿನ ಹೊತ್ತು ಶುರುವಾಯಿತು. ನನ್ನನ್ನು ಒಳಗೆ ಬಿಡಲಿಲ್ಲ. ಅದೇ ಕಲ್ಲುಬೆಂಚಿನ ಮೇಲೆ ಕೂತೆ. ಸುದ್ದಿ ತಿಳಿದು ಫಾತಿಮಾಬಿ ಬಂದು ಪಕ್ಕದಲ್ಲಿ ಕೂತಳು. ಆಕೆ ತನ್ನ ಮಣಿಸರ ಎಣಿಸುತ್ತಿದ್ದಳು, ನಾನು ಬೆಂಚಿನ ಕಲ್ಲನ್ನು ಉಗುರಿನಿಂದ ಕೆರೆಯುತ್ತಿದ್ದೆ. ಒಳಗಿನಿಂದ ಕೆಂಪಿಯ ಕೂಗು. ಆಮೇಲೆ ಡಾಕ್ಟರಮ್ಮನ ದನಿ, "ತಲೆ ಬಂತು." ತಲೆ ಆವತ್ತೂ ಬಂದಿತ್ತು. ತಲೆಯಿಂದ ಭುಜದವರೆಗೆ ಎಷ್ಟು ದೂರ ಎಂದು ಆ ಬೆಂಚಿನ ಮೇಲೆ ಕೂತವರಿಗೆ ಮಾತ್ರ ಗೊತ್ತು. ಫಾತಿಮಾಬಿ ನನ್ನ ಕೈಯನ್ನು ತನ್ನ ಎರಡು ಕೈಯಲ್ಲಿ ಅದುಮಿ ಹಿಡಿದಳು.

ಅತ್ತಿತು! ಅಯ್ಯೋ, ನನ್ನ ಬಂಗಾರ ಅತ್ತ ಅಳುವೇ! ಆಸ್ಪತ್ರೆಯ ಹೆಂಚು ಹಾರಿಹೋಗಬೇಕು, ಹಾಗೆ ಅತ್ತಳು. ನಾನೂ ಅತ್ತೆ, ಫಾತಿಮಾಬಿಯೂ ಅತ್ತಳು, ಅಂಗಳದಲ್ಲಿ ಗಾಡಿಯ ಪಕ್ಕ ನಿಂತಿದ್ದ ನಮ್ಮ ಯಜಮಾನರು ಕಣ್ಣಿಗೆ ಧೂಳು ಬಿತ್ತು ಎಂದರು. ಗಾಳಿಯೇ ಇರಲಿಲ್ಲ.

ಡಾಕ್ಟರಮ್ಮ ನನ್ನನ್ನು ಒಳಗೆ ಕರೆದು ತಕ್ಕಡಿಯ ಮುಂದೆ ನಿಲ್ಲಿಸಿದರು. "ನೋಡಿ, ಏಳು ರಾತಲು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ." ಮೂರು ದಿನ ತಾಯಿಹಾಲು ಕೊಡದೆ ಕಾಯುವ ನಮ್ಮ ಪದ್ಧತಿಯನ್ನೂ ಬಿಡಿಸಿ ಕೂಡಲೇ ಎದೆಗೆ ಹಾಕಿಸಿದರು. ಇಂಥ ತಾಯಂದಿರ ಮಕ್ಕಳಿಗೆ ಹುಟ್ಟಿದ ಕೂಡಲೇ ಹಾಲು ಬೇಕಂತೆ, ಕಾಯಿಸಿದರೆ ಸೋತುಬಿಡುತ್ತವಂತೆ. ಹಾಕಿದ್ದೇ ತಡ, ಕಳ್ಳಿ, ಹೇಗೆ ಕಚ್ಚಿ ಹಿಡಿದಳು! ಈಗ ಕೆಂಪಿಯ ಸೀಸೆಯಲ್ಲಿ ಸಕ್ಕರೆ ಇಲ್ಲ. ಮುಂದಿನ ಬಸುರಿನಲ್ಲಿ ಮತ್ತೆ ಬರಬಹುದು, ವಯಸ್ಸಾದ ಮೇಲೆಯೂ ಬರಬಹುದು, ಬಸುರಿ ಎಂದು ಗೊತ್ತಾದ ತಿಂಗಳೇ ಬಾ ಎಂದಿದ್ದಾರೆ. ಬರುತ್ತೇವೆ.

ನನ್ನಂಥ ತಾಯಂದಿರಿಗೆ ಒಂದು ಮಾತು. ಮಗಳಿಗೆ ಬಾಯಾರಿಕೆ ತಡೆಯದಿದ್ದರೆ, ಇರುವೆ ಮುತ್ತಿದರೆ, ಹಿಂದಿನ ಮಗು ಬಲು ದಪ್ಪ ಹುಟ್ಟಿದ್ದರೆ, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜನ ಏನೇನೋ ಅನ್ನುತ್ತಾರೆ. ಅನ್ನಲಿ. ಯಾರಾದರೂ ಎದುರು ನಿಂತರೆ, ದೊಡ್ಡಮಳೂರಿನ ನಂಜಮ್ಮ ಹೇಳಿದಳು ಎನ್ನಿ, ನನ್ನ ಹತ್ತಿರ ಕಳಿಸಿ.

ಆಸ್ಪತ್ರೆಯಲ್ಲಿದ್ದಾಗಲೇ ಒಂದು ಮಧ್ಯಾಹ್ನ ಹೊನ್ನಮ್ಮ ಬಂದಳು. ಒಬ್ಬಳೇ. ಕಲ್ಯದಿಂದ ಕ್ಲೋಸ್‌ಪೇಟೆಗೆ ಗಾಡಿಯಲ್ಲಿ, ಅಲ್ಲಿಂದ ರೈಲಿನಲ್ಲಿ. ಸೆರಗು ಧೂಳಾಗಿತ್ತು. ಕೈಯಲ್ಲಿ ಬಟ್ಟೆ ಕಟ್ಟಿದ ಒಂದು ಪಾತ್ರೆ. ನಾನು ಎದ್ದು ನಿಂತೆ, ಬಾ ಎನ್ನಲಿಲ್ಲ. ಆಕೆ ಸೀದಾ ಕೆಂಪಿಯ ಹತ್ತಿರ ಹೋದಳು. ಮಗುವನ್ನು ಎತ್ತಿಕೊಂಡಳು. ಈಗ ಮಗು ಸಣ್ಣದು ಅಂದೇ ಅನ್ನುತ್ತಾಳೆ ಎಂದು ನಾನು ನಾಲಿಗೆಯ ಮೇಲೆ ಉತ್ತರ ಇಟ್ಟುಕೊಂಡು ಕಾದೆ. ಆಕೆ ಮಗುವಿನ ಎದೆಗೆ ಕಿವಿ ಇಟ್ಟು ಬಹಳ ಹೊತ್ತು ಹಾಗೆಯೇ ಇದ್ದಳು. ಆಮೇಲೆ ಮಗುವನ್ನು ನನ್ನ ಕೈಗೆ ಕೊಟ್ಟು ಪಾತ್ರೆಯ ಬಟ್ಟೆ ಬಿಚ್ಚಿದಳು. ಹುರಳಿಕಟ್ಟು, ಅದರಲ್ಲಿ ಸೊಪ್ಪು. ಬೆಲ್ಲದ ವಾಸನೆ ಇರಲಿಲ್ಲ. ನಾನು ಮೂಸಿ ನೋಡಿದೆ, ಯಾಕೆ ಸುಳ್ಳು ಹೇಳಲಿ.

ನನ್ನ ಸಿಟ್ಟು ಹೋಯಿತೇ? ಇಲ್ಲ. ನೆಲದಡಿಯಲ್ಲಿರುವ ಆ ಮೊದಲ ಮಗುವಿನ ನೆನಪಾದಾಗಲೆಲ್ಲ ಮೈ ಉರಿಯುತ್ತದೆ, ಕೊನೆಯವರೆಗೂ ಉರಿಯಲಿ. ಆದರೆ ತಟ್ಟೆ ತಂದುಕೊಟ್ಟೆ.

ಹೊನ್ನಮ್ಮ ಒಂದು ಸೌಟು ಬಡಿಸಿದಳು. ಕೆಂಪಿ ಉಂಡಳು. ಇನ್ನೊಂದು ಸೌಟು ತುಂಬಿ ತಟ್ಟೆಯ ಮೇಲೆ ಹಿಡಿದವಳು, ಸುರಿಯದೆ ಕೈ ತಡೆದು, ಸೊಸೆಯ ಮುಖ ನೋಡಿದಳು.

"ಬೇಕೇನವ್ವ?"

"ಸಾಕು ಅತ್ತೆ."

ಹೊನ್ನಮ್ಮ ಸೌಟನ್ನು ಪಾತ್ರೆಗೆ ಬಗ್ಗಿಸಿದಳು.